ಏನೂ ಆಗಲ್ಲ, ಬಾ

ಆತ್ಮೀಯ ಓದುಗರೇ,

ನಮ್ಮ ಕನ್ನಡ ಕೂಟದ ಪತ್ರಿಕೆಯ ಈ ಸಲದ ಸಂಚಿಕೆ ಹತ್ತು ದಿನ ತಡವಾಗಿ ನಿಮ್ಮ ಕೈ ಸೇರುತ್ತಿದೆ. ಬರೆದವರೆಲ್ಲ ಹೊತ್ತಿಗೆ ಸರಿಯಾಗಿ ಕಳಿಸಿದ್ದರು. ಕಾರ್ಯದರ್ಶಿಗಳು ಮೂರು ಸಲ ನೆನಪಿಸಿದ್ದರು. ತಪ್ಪು ನನ್ನದೇ. ಕಾರಣ ಒಂದು ನಾಯಿ. ಸಮಿತಿಯ ಸಭೆಯಲ್ಲಿ ಹೀಗೆಂದಾಗ ಒಬ್ಬರು ನಕ್ಕರು. ಇನ್ನೊಬ್ಬರು ಮೆಲ್ಲಗೆ "ಹೋಗ್ಬಿಡ್ತಾ?" ಅಂತ ಕೇಳಿದರು. ಹೋಯಿತು, ಆದರೆ ಅವರು ಅಂದುಕೊಂಡ ಹಾಗಲ್ಲ. ನಾವೇ ಕರೆದುಕೊಂಡು ಹೋಗಿ ಕೊಟ್ಟು ಬಂದೆವು.

ಎಂಟು ವಾರದ ಮುದ್ದು ಮರಿಯ ಫೋಟೊ ನೋಡಿ ಮರುಳಾಗದವರು ಯಾರು? ಆ ಮರಿಗೆ ಒಬ್ಬ ತಾಯಿ ಇರುತ್ತಾಳೆ. ಕೊಳ್ಳುವವರ ಕಣ್ಣಿಗೆ ಅವಳು ಬೀಳುವುದಿಲ್ಲ. ಹೆಣ್ಣುನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ. ಗಬ್ಬ ನಿಂತರೆ ಸುಮಾರು 63 ದಿನಕ್ಕೆ ಮರಿ. ಈ ಲೆಕ್ಕದಲ್ಲಿ ಒಂದು ಸಲವನ್ನೂ ಬಿಡದೆ ದುಡ್ಡು ಮಾಡುವ ಜಾಗಗಳಿವೆ. ಮರಿಗಳ ಸಂಖ್ಯೆ ಇಳಿಯುತ್ತಾ ಬಂದಾಗ ತಾಯಿ ಬೇಡವಾಗುತ್ತಾಳೆ. ಅಂಥ ಒಂದು ಕಡೆಯಿಂದ ಬಿಡಿಸಿ ತಂದ ಬೀಗಲ್ ತಳಿಯ ಹೆಣ್ಣುನಾಯಿ ನಮ್ಮ ಮನೆಗೆ ಬಂದಳು. ಆರೇಳು ವರ್ಷ ಇರಬಹುದು ಅಂದರು ಡಾಕ್ಟರು. ಹೆಸರಿರಲಿಲ್ಲ. ಕಿವಿಯೊಳಗೆ ಹಚ್ಚೆ ಹಾಕಿದ ನಂಬರ್ ಇತ್ತು. ಜೋತುಬಿದ್ದ ಮೊಲೆಗಳು, ಸುರುಳಿ ಸುತ್ತಿಕೊಂಡ ಉಗುರು. 42 ಹಲ್ಲಿರಬೇಕಾದ ಬಾಯಿಂದ ಕೊಳೆತ ಹನ್ನೊಂದನ್ನು ಕಿತ್ತರು. ಮತ್ತೆ ಮರಿ ಆಗದಂತೆ ಆಪರೇಷನ್ನೂ ಅದರ ಜೊತೆಗೇ ಆಯಿತು.

ಇದನ್ನೆಲ್ಲ ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ನಾಯಿ ಅಂದರೆ ಹೊಸ್ತಿಲ ಆಚೆ ಇರಬೇಕು ಅನ್ನುವವಳು ನಮ್ಮಮ್ಮ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಷ್ಟೊಂದು ಹೆತ್ತಿದಾಳಲ್ಲೇ, ಬಾಣಂತನ ಯಾರು ಮಾಡಿದ್ರು?" ಅಂದಳು. ಅವತ್ತು ಸಂಜೆ ನಾಯಿಗೆ ಅಮ್ಮಣ್ಣಿ ಅಂತ ಹೆಸರಿಟ್ಟೆವು.

ಮೊದಲ ದಿನ ಅಮ್ಮಣ್ಣಿ ನೀರು ಕುಡಿಯಲಿಲ್ಲ. ಬಟ್ಟಲು ತುಂಬ ನೀರಿಟ್ಟರೆ ಅದನ್ನು ಬಿಟ್ಟು ಕುರ್ಚಿಯ ಕಬ್ಬಿಣದ ಕಾಲನ್ನು ನೆಕ್ಕುತ್ತಿದ್ದಳು. ಗಾಬರಿಯಾಗಿ ಅವಳನ್ನು ತಂದುಬಿಟ್ಟ ಸಂಸ್ಥೆಗೆ ಫೋನ್ ಮಾಡಿದೆ. ಅವರಿಗೆ ಇದು ಹೊಸದಲ್ಲ. ಗೂಡಿನ ತಂತಿಗೆ ಸಿಕ್ಕಿಸಿದ ಬಾಟಲಿ, ಅದರ ತುದಿಯಲ್ಲಿ ಒಂದು ಲೋಹದ ನಳಿಕೆ. ಅದನ್ನು ನೆಕ್ಕಿದರೆ ಹನಿ ಹನಿ ಬರುತ್ತದೆ. ಅವಳ ಪಾಲಿಗೆ ನೀರು ಇರುವುದು ಅಲ್ಲಿ. ಬಟ್ಟಲಲ್ಲಿ ಅಲುಗಾಡುತ್ತಾ ಹೊಳೆಯುವ ವಸ್ತು ಏನು ಅಂತ ಅವಳಿಗೆ ಗೊತ್ತೇ ಇಲ್ಲ. ಬೆರಳು ಅದ್ದಿ ಅವಳ ಮೂಗಿಗೆ ಹಚ್ಚುತ್ತಾ ಕೂತೆ. ರಾತ್ರಿ ಹನ್ನೊಂದಕ್ಕೆ, ನಾವು ದೀಪ ಆರಿಸಿ ಒಳಗೆ ಹೋದ ಮೇಲೆ, ಲೊಚಲೊಚ ಸದ್ದು ಕೇಳಿಸಿತು. ನಮ್ಮನೆಯವರು ನನ್ನ ಕೈ ಹಿಡಿದು "ಏಳಬೇಡ, ಕುಡೀಲಿ" ಅಂದರು.

ನೀರಿನ ಕಥೆಯೇ ಇಷ್ಟಾದರೆ ಉಳಿದದ್ದು ಹೇಗಿರಬೇಡ? ಮೆಟ್ಟಿಲು, ಹುಲ್ಲು, ಟಿವಿ, ಕನ್ನಡಿ, ಎಲ್ಲವೂ ಹೆದರಿಕೆ. ಮರಿ ಲೋಕವನ್ನು ಕಲಿಯುವುದು ಮೂರನೇ ವಾರದಿಂದ ಸುಮಾರು 14ನೇ ವಾರದೊಳಗೆ. ಆಗ ಕಾಣದೆ ಉಳಿದದ್ದನ್ನೆಲ್ಲ ಆಮೇಲೆ ಅಪಾಯ ಅಂತಲೇ ತಿಳಿಯುತ್ತದೆ. ಬಾಗಿಲಂತೂ ಬೇಡವೇ ಬೇಡ. ತೆರೆದ ಬಾಗಿಲ ಮುಂದೆ ಅಮ್ಮಣ್ಣಿ ಕಲ್ಲಾಗುತ್ತಿದ್ದಳು. ದಿನಾ ಇಪ್ಪತ್ತು ನಿಮಿಷ ನಾನು ಬಾಗಿಲ ಆಚೆ ನೆಲದ ಮೇಲೆ ಕೂತು, ಕೈಯಲ್ಲಿ ತಿನಿಸು ಹಿಡಿದು, "ಏನೂ ಆಗಲ್ಲ, ಬಾ" ಅಂತ ಕರೆಯುವುದು. ಅವಳು ನೋಡುವುದು. ನಾನು ಎದ್ದು ಬರುವುದು. ನಾಯಿ ಕಾಪಾಡುವವರಲ್ಲಿ 3-3-3 ಅಂತ ಒಂದು ಮಾತಿದೆ: ದಿಗಿಲು ಇಳಿಯಲು ಮೂರು ದಿನ, ಮನೆಯ ಕ್ರಮ ತಿಳಿಯಲು ಮೂರು ವಾರ, ಇದು ನನ್ನ ಮನೆ ಅನ್ನಿಸಲು ಮೂರು ತಿಂಗಳು. ಬೇರೆ ನಾಯಿಗಳಿಗೆ ಸರಿ ಇರಬಹುದು. ಅಮ್ಮಣ್ಣಿಯ ದಿಗಿಲೇ ಒಂದು ತಿಂಗಳು ತಿಂದಿತು.

ಆದರೆ ಒಂದು ಸಲವೂ ಗುರ್ರ್ ಅನ್ನಲಿಲ್ಲ. ಉಗುರು ಕತ್ತರಿಸಿದರೂ, ಹೊಲಿಗೆ ಹಾಕಿದ ಜಾಗ ಮುಟ್ಟಿದರೂ ಸುಮ್ಮನೆ ಮಲಗಿರುತ್ತಿದ್ದಳು. ಎಷ್ಟು ಸಾಧು ಅಂತ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದೆ. ಈಗ ನಾಚಿಕೆಯಾಗುತ್ತದೆ. ಪಶುವೈದ್ಯ ಫ್ರಾಂಕ್ ಮ್ಯಾಕ್‌ಮಿಲನ್ ಮತ್ತು ಸಂಗಡಿಗರು, ಮರಿಗಾಗಿಯೇ ಇಟ್ಟುಕೊಂಡಿದ್ದ ಇಂಥ 1,169 ನಾಯಿಗಳನ್ನು ಮನೆಯಲ್ಲೇ ಬೆಳೆದ ನಾಯಿಗಳ ಜೊತೆ ಹೋಲಿಸಿ 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಭಯ ಜಾಸ್ತಿ, ಮುಟ್ಟಿದರೆ ಬೆಚ್ಚುವುದು ಜಾಸ್ತಿ, ಮೇಲೆ ಬೀಳುವುದು ಮಾತ್ರ ಕಡಿಮೆ ಅಂತ ಅದರಲ್ಲಿದೆ. ಓದಿದ ಮೇಲೆ ಅಮ್ಮಣ್ಣಿಯನ್ನು ಮತ್ತೆ ನೋಡಿದೆ. ಮಲಗಿದ್ದವಳ ಹೊಟ್ಟೆ ಉಸಿರು ಬಿಗಿಹಿಡಿದು ಗಟ್ಟಿಯಾಗಿತ್ತು. ಕೈ ಹಿಂದಕ್ಕೆ ತೆಗೆದುಕೊಂಡೆ.

ಎರಡನೇ ತಿಂಗಳಲ್ಲಿ ಮನೆಯ ಕಾಲುಚೀಲಗಳು ಒಂಟಿಯಾಗತೊಡಗಿದವು. ಮಗಳಿಗೂ ಅವಳಪ್ಪನಿಗೂ ದಿನಾ ಬೆಳಿಗ್ಗೆ ಅದೇ ಜಗಳ. ಒಂದು ದಿನ ಸೋಫಾದ ಹಿಂದೆ ಗುಡಿಸಲು ಹೋದರೆ ಅಲ್ಲಿ ಆರು ಕಾಲುಚೀಲ, ಜೊತೆಗೆ ಮಗಳ ಹಳೇ ಬೊಂಬೆಯೊಂದು. ಒಂದನ್ನೂ ಕಚ್ಚಿ ಹರಿದಿರಲಿಲ್ಲ. ಸಾಲಾಗಿ ಇದ್ದವು. ಅಮ್ಮಣ್ಣಿ ಬಂದು ಅವುಗಳನ್ನು ಸುತ್ತಿಕೊಂಡು ಮಲಗಿದಳು. ಒಂದು ಸ್ವಲ್ಪ ಆಚೆ ಜಾರಿತ್ತು, ಅದನ್ನು ಮೂಗಿನಿಂದ ಹೊಟ್ಟೆಯ ಹತ್ತಿರಕ್ಕೆ ತಳ್ಳಿಕೊಂಡಳು. ಕಸಬರಿಗೆ ಅಲ್ಲೇ ಒರಗಿಸಿ ಬಂದುಬಿಟ್ಟೆ. ಮನೆಯಲ್ಲಿ ಜಗಳ ನಿಂತಿತು. ಹೊಸ ಕಾಲುಚೀಲ ತಂದೆವು.

ಅವಳನ್ನು ನೋಡಲು ಬಂದ ಕೂಟದ ಇಬ್ಬರು, ಇಂಥದೇ ಮರಿ ಎಲ್ಲಿ ಸಿಗುತ್ತದೆ ಅಂತ ಕೇಳಿದರು! ಬೈಯಲಿಲ್ಲ. ಮರಿಯನ್ನು ಅದು ಹುಟ್ಟಿದ ಜಾಗದಲ್ಲೇ, ತಾಯಿಯ ಜೊತೆಗೇ ನೋಡಿ, ಇಲ್ಲದಿದ್ದರೆ ವಾಪಸ್ ಬನ್ನಿ ಅಂದೆ. ವೇಲ್ಸ್‌ನಲ್ಲಿ ಇಂಥ ಒಂದು ಜಾಗದಿಂದ 2013ರಲ್ಲಿ ಬಿಡಿಸಿದ ಲೂಸಿ ಎಂಬ ಪುಟ್ಟ ನಾಯಿಯ ಹೆಸರಿನಲ್ಲಿ ಇಂಗ್ಲೆಂಡಿನಲ್ಲಿ ಒಂದು ಕಾನೂನೇ ಇದೆ. 2020ರ ಏಪ್ರಿಲ್‌ನಿಂದ ಅಲ್ಲಿ ಆರು ತಿಂಗಳೊಳಗಿನ ನಾಯಿಮರಿಯನ್ನು ಅಂಗಡಿಯವರೋ ದಲ್ಲಾಳಿಗಳೋ ಮಾರುವ ಹಾಗಿಲ್ಲ. ಮರಿ ಹಾಕಿಸಿ ಬೆಳೆಸಿದವರೇ ಮಾರಬೇಕು, ತಾಯಿಯನ್ನು ತೋರಿಸಬೇಕು.

ಕಾಯಂ ಮನೆ ಸಿಗುವ ತನಕ ನಾವು ಹೀಗೆ ನೋಡಿಕೊಳ್ಳುತ್ತಿದ್ದುದಕ್ಕೆ ಎಲ್ಲರೂ ಫಾಸ್ಟರಿಂಗ್ ಅನ್ನುತ್ತಾರೆ. ಕನ್ನಡದ ಸಂಪಾದಕಿಯಾಗಿ ಒಂದು ಕನ್ನಡ ಮಾತು ಹುಡುಕಿದೆ. 'ಸಾಕುವುದು' ಅಂದರೆ ಕೊನೆತನಕ ಅನ್ನುವ ಅರ್ಥ ಬಂದುಬಿಡುತ್ತದೆ. ಆದರೆ ನಮ್ಮ ಭಾಷೆಯ ತಮಾಷೆ ನೋಡಿ, 'ಸಾಕು' ಅಂದರೆ ಬೆಳೆಸು ಅಂತಲೂ ಹೌದು, ಇಷ್ಟಕ್ಕೆ ನಿಲ್ಲಿಸು ಅಂತಲೂ ಹೌದು. ಬೇರೆ ಮಾತು ಹುಡುಕುವುದನ್ನು ಬಿಟ್ಟೆ.

ಮೂರು ತಿಂಗಳಾಗುವಾಗ "ಇಟ್ಕೊಂಡ್ಬಿಡೋಣ" ಅಂತ ಮನೆಯಲ್ಲಿ ಮಾತು ಶುರುವಾಯಿತು. ನನಗೂ ಆಸೆಯಿತ್ತು, ಸುಳ್ಳು ಹೇಳುವುದಿಲ್ಲ. ಅಷ್ಟರಲ್ಲಿ ಸಂಸ್ಥೆಯವರು ಒಂದು ಮನೆ ನೋಡಿದ್ದರು. ಗಂಡ ಹೆಂಡತಿ, ಇಬ್ಬರೂ ನಿವೃತ್ತರು. ಅವರಲ್ಲಿ ಕಪ್ಪು ಬಣ್ಣದ ಒಂದು ಮುದಿ ನಾಯಿ. ಸುಮ್ನೆ ನೋಡಿಕೊಂಡು ಬರೋಣ ಅಂತ ಹೋದೆವು. ಏನಾದರೊಂದು ಕೊರತೆ ಹುಡುಕುವ ಉದ್ದೇಶವೇ ನನಗಿತ್ತು. ಆ ಮುದುಕ ಅಮ್ಮಣ್ಣಿಯನ್ನು ಒಮ್ಮೆ ಮೂಸಿ, ಬೇಸರ ಬಂದವನ ಹಾಗೆ ತಿರುಗಿ, ತೆರೆದ ಬಾಗಿಲಿನಿಂದ ತೋಟಕ್ಕೆ ಹೋದ. ಅಮ್ಮಣ್ಣಿ ಅವನ ಬಾಲದ ಹಿಂದೆಯೇ ಹೋದಳು. ಬಾಗಿಲು ದಾಟಿ. ಹುಲ್ಲಿನ ಮೇಲೆ. ಯಾರೂ ಕರೆದಿರಲಿಲ್ಲ. ಮಗಳು ನನ್ನ ಮುಖ ನೋಡಿದಳು. ನಮ್ಮ ಮನೆಯಲ್ಲಿ ಇನ್ನೊಂದು ನಾಯಿ ಇಲ್ಲ. ಕೊರತೆ ನಮ್ಮ ಕಡೆಯೇ ಇತ್ತು.

ಆ ಗಂಡ ಹೆಂಡತಿಗೆ ಕನ್ನಡ ಬರುವುದಿಲ್ಲ. ಅಮ್ಮಣ್ಣಿಗೆ ಬರುವುದು ಕನ್ನಡ ಮಾತ್ರ. ಅವಳನ್ನು ಕೊಡುವ ಹಿಂದಿನ ದಿನ ರಾತ್ರಿ ಅವರ ಲಿಪಿಯಲ್ಲಿ ಒಂದು ಚೀಟಿ ಬರೆದೆ: ಬಾ, ಕೂತ್ಕೋ, ಸಾಕು, ಮಲ್ಕೋ, ಏನೂ ಆಗಲ್ಲ. ಪ್ರತಿಯೊಂದರ ಮುಂದೆ ಅರ್ಥ. ಅವಳ ಕಂಬಳಿಯನ್ನು ಒಗೆಯದೆ ಹಾಗೇ ಮಡಿಸಿದೆ, ವಾಸನೆ ಇರಲಿ ಅಂತ. ಹೊಸ ಜಾಗದಲ್ಲಿ ಇಂಥ ನಾಯಿಗಳು ತಪ್ಪಿಸಿಕೊಂಡು ಓಡುವ ಭಯ ಜಾಸ್ತಿ. ಹಾಗಾಗಿ ಕೊರಳಿಗೊಂದು, ಎದೆಪಟ್ಟಿಗೊಂದು, ಎರಡೆರಡು ಹಗ್ಗ. ಮಗಳು ಆರು ಕಾಲುಚೀಲಗಳನ್ನೂ ಬೊಂಬೆಯನ್ನೂ ಚೀಲಕ್ಕೆ ಹಾಕಿದಳು. ಹಗ್ಗ ಅವರ ಕೈಗೆ ಕೊಟ್ಟು ಕಾರಿನಲ್ಲಿ ಕೂತೆ. ಒಂದು ಸಲ ಇಳಿದು, ಚೀಟಿಯಲ್ಲಿ ಇಲ್ಲದ ಏನನ್ನೋ ಹೇಳಿ, ಮತ್ತೆ ಬಂದು ಕೂತೆ. ಏನು ಹೇಳಿದೆ ಅಂತ ಈಗ ನೆನಪಿಲ್ಲ.

ಹತ್ತು ದಿನ ಈ ಸಂಚಿಕೆಯ ಫೈಲನ್ನು ತೆರೆಯಲಿಲ್ಲ. "ನಿಮಗೆ ಹೇಗೆ ಮನಸ್ಸು ಬಂತು?" ಅಂತ ಕೇಳಿದವರಿಗೆ ಉತ್ತರವನ್ನೂ ಕೊಡಲಿಲ್ಲ. ಕೇಳುವವರಿಗೇನು, ಅಲ್ವಾ?

ಮೊನ್ನೆ ಆ ಮನೆಯಾಕೆ ಫೋನ್ ಮಾಡಿದ್ದರು. ಗುಡುಗಿದಾಗ ಅಮ್ಮಣ್ಣಿ ಮಂಚದ ಕೆಳಗೆ ಸೇರಿಕೊಂಡಳಂತೆ. ಆಕೆ ಚೀಟಿ ಹಿಡಿದು ನೆಲದ ಮೇಲೆ ಕೂತು ಓದಿದರಂತೆ. ಹೇಗೆ ಓದಿದಿರಿ, ಹೇಳಿ ನೋಡೋಣ ಅಂದೆ. "ಯೇನು ಅಗಲಾ, ಬಾ" ಅಂದರು. ತಿದ್ದಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಆ ಕಡೆಯಿಂದ ಬಾಲ ನೆಲಕ್ಕೆ ಬಡಿಯುವ ಸದ್ದು ಕೇಳಿಸಿತು. ತಿದ್ದಲಿಲ್ಲ.

ಮುಂದಿನ ಸಂಚಿಕೆಗೆ ಲೇಖನಗಳನ್ನು ತಿಂಗಳ ಕೊನೆಯೊಳಗೆ ಕಳಿಸಿ. ಹೊತ್ತಿಗೆ ತರುತ್ತೇನೆ ಅಂತ ಮಾತು ಕೊಡುವ ಹಾಗಿಲ್ಲ. ಇವತ್ತು ಬೆಳಿಗ್ಗೆ ಸಂಸ್ಥೆಯಿಂದ ಮತ್ತೆ ಫೋನ್ ಬಂದಿದೆ.

ಇಂತಿ,
ಸಂಪಾದಕಿ