ಸಿಎಚ್‌ಒ ಏನು ಮಾಡಬಹುದು? ಗೋಡೆಯ ಮೇಲೆ ಬರೆಯಿರಿ

ಮಾನ್ಯರೇ,

ಪಾವಗಡ, ಮಧುಗಿರಿ ಕಡೆಯ ಆರೋಗ್ಯ ಉಪಕೇಂದ್ರಗಳಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿಯನ್ನು, ಅಂದರೆ ಸಿಎಚ್‌ಒ ಅವರನ್ನು, ಕೆಲವರು ಸಿಸ್ಟರ್ ಎನ್ನುತ್ತಾರೆ, ಕೆಲವರು ಡಾಕ್ಟ್ರಮ್ಮ ಎನ್ನುತ್ತಾರೆ. ಎರಡರಿಂದಲೂ ತೊಂದರೆಯೇ. ಸಿಸ್ಟರ್ ಎಂದವರು ಇಂಜೆಕ್ಷನ್‌ಗೆ ಮಾತ್ರ ಬರುತ್ತಾರೆ; ಡಾಕ್ಟ್ರಮ್ಮ ಎಂದವರು ಎದೆನೋವು ಬಂದರೂ ಅಲ್ಲೇ ಕೂತಿರುತ್ತಾರೆ.

ವೈದ್ಯರಲ್ಲದಿದ್ದರೂ ರೋಗಿಗಳನ್ನು ನೋಡಿ ಚಿಕಿತ್ಸೆ ಕೊಡಲು ತರಬೇತಾದವರು ಬೇರೆಡೆಯೂ ಇದ್ದಾರೆ. ಅಮೆರಿಕದಲ್ಲಿ ಇಂಥ ನರ್ಸ್ ಪ್ರಾಕ್ಟೀಷನರ್, ಫಿಸಿಷಿಯನ್ ಅಸಿಸ್ಟೆಂಟ್ ತರಬೇತಿಗಳೆರಡೂ 1965ರಲ್ಲೇ ಶುರುವಾದವು. ಯಾರು ಯಾವ ಔಷಧ ಬರೆಯಬಹುದೆಂದು ಅಲ್ಲಿ ಆಯಾ ರಾಜ್ಯದ ಕಾನೂನು ಹೇಳುತ್ತದೆ. ಇಲ್ಲಿ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಸೆಕ್ಷನ್ನಿನಲ್ಲಿ ಇಂಥವರಿಗೆ ಔಷಧ ಬರೆಯಲು ಸೀಮಿತ ಪರವಾನಗಿಯ ಪ್ರಸ್ತಾಪವಿದೆ. ಆದರೆ ಉಪಕೇಂದ್ರದ ಕೆಲಸ ನಡೆಯುವುದು ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ವೈದ್ಯರ ಚೀಟಿಯ ಮೇಲೆ. ಬಿಪಿ, ಶುಗರ್ ಮಾತ್ರೆ ಶುರು ಮಾಡುವವರು ವೈದ್ಯರು. ತಿಂಗಳು ತಿಂಗಳು ಅಳೆದು ನೋಡಿ, ಅದೇ ಮಾತ್ರೆ ಮುಂದುವರಿಸುವವರು ಸಿಎಚ್‌ಒ.

ಎಡವಟ್ಟಾಗುವುದು ಈ ಅಳತೆಯಲ್ಲೇ. ಬಿಸಿಲಲ್ಲಿ ನಡೆದು ಬಂದವರನ್ನು ಐದು ನಿಮಿಷ ಸುಮ್ಮನೆ ಕೂರಿಸಬೇಕು, ಬೆನ್ನಿಗೂ ತೋಳಿಗೂ ಆಸರೆ ಇರಬೇಕು, ಬಟ್ಟೆಯ ಮೇಲೆ ಬಿಪಿ ಯಂತ್ರದ ಪಟ್ಟಿ ಸುತ್ತಬಾರದು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಆದ್ದರಿಂದ ದೊಡ್ಡ ಪಟ್ಟಿಯೊಂದು ಪ್ರತಿ ಕೇಂದ್ರದಲ್ಲೂ ಬೇಕು. ಬೇರೆ ತೊಂದರೆ ಇಲ್ಲದವರಿಗೆ ಒಮ್ಮೆ 140/90 ಬಂದ ಮಾತ್ರಕ್ಕೆ ಬಿಪಿ ಕಾಯಿಲೆ ಎಂದು ಬರೆಯುವಂತಿಲ್ಲ, ಇನ್ನೊಂದು ದಿನ ಮತ್ತೆ ನೋಡಬೇಕು. ಶುಗರ್ ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆಗೆದಿಟ್ಟರೆ ತೇವ ಹಿಡಿದು ಲೆಕ್ಕ ತಪ್ಪುತ್ತದೆ. ಮಾವಿನಹಣ್ಣು ಹೆಚ್ಚಿದ ಕೈಯನ್ನು ತೊಳೆಯದೆ ಬೆರಳು ಚುಚ್ಚಿದರಂತೂ ಇಲ್ಲದ ಶುಗರೂ ಕಾಣಿಸಿಕೊಳ್ಳುತ್ತದೆ!

ಮಾತ್ರೆಯನ್ನು ಹತ್ತು ದಿನಕ್ಕಷ್ಟೇ ಕೊಟ್ಟರೆ ಕೂಲಿ ಬಿಟ್ಟು ತಿಂಗಳಿಗೆ ಮೂರು ಸಲ ಯಾರು ಬರುತ್ತಾರೆ? ನಡುವೆ ಬಿಡುತ್ತಾರೆ, ಬಿಪಿ ಮತ್ತೆ ಏರುತ್ತದೆ, ಸಿಎಚ್‌ಒ ಕೊಟ್ಟ ಮಾತ್ರೆ ಸರಿಯಿಲ್ಲ ಎಂಬ ಮಾತು ಹುಟ್ಟುತ್ತದೆ. 30 ದಿನದ ಮಾತ್ರೆ ಒಟ್ಟಿಗೆ ಕೊಡುವಷ್ಟು ದಾಸ್ತಾನಿಲ್ಲದೆ ಹುದ್ದೆಯೊಂದನ್ನೇ ತುಂಬಿ ಪ್ರಯೋಜನವಿಲ್ಲ.

ಎದೆನೋವು, ಉಸಿರಾಟದ ತೊಂದರೆ, ಬಾಯಿ ಸೊಟ್ಟಗಾಗುವುದು, ಒಂದು ಕೈ ಸ್ವಾಧೀನ ತಪ್ಪುವುದು: ಇವಕ್ಕೆ ಆನ್‌ಲೈನ್‌ನಲ್ಲಿ ವೈದ್ಯರ ಸಲಹೆ ಕೊಡಿಸುವ ಇ-ಸಂಜೀವನಿಯಲ್ಲಿ ವೈದ್ಯರಿಗಾಗಿ ಕಾಯುವುದಲ್ಲ, ಕೂಡಲೇ 108ಕ್ಕೆ ಕರೆ ಮಾಡಬೇಕು. ಪಾವಗಡದಿಂದ ತುಮಕೂರು ನೂರು ಕಿ.ಮೀ. ಆಸುಪಾಸು ದೂರ, ಕಳೆದುಹೋಗುವ ಒಂದೊಂದು ನಿಮಿಷವೂ ದುಬಾರಿ.

ಇಲ್ಲಿ ಯಾವ ಮಾತ್ರೆ ಸಿಗುತ್ತದೆ, ಯಾವುದಕ್ಕೆ ವೈದ್ಯರನ್ನೇ ಕಾಣಬೇಕು, ಯಾವಾಗ 108 ಎಂಬುದನ್ನು ಆರೋಗ್ಯ ಇಲಾಖೆ ಪ್ರತಿ ಉಪಕೇಂದ್ರದ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಲಿ. ಓದಲು ಬಾರದವರಿಗೆ ಆಶಾ ಕಾರ್ಯಕರ್ತೆಯರು ಮನೆಗೆ ಹೋದಾಗ ಹೇಳಲಿ. ಗಡಿ ಹಳ್ಳಿಗಳಲ್ಲಿ ತೆಲುಗಿನಲ್ಲೇ ಹೇಳಿದರೂ ಸರಿ.

– ನಿವೃತ್ತ ಆರೋಗ್ಯ ಸಿಬ್ಬಂದಿ, ಪಾವಗಡ