ಇಗ್ನಿಷನ್ ಎರಡಿದ್ದರೆ ಸಾಲದು, ವೈರಿನ ದಾರಿಯೂ ಎರಡಿರಬೇಕು

ಮಾನ್ಯ ಸಂಪಾದಕರೇ,

ಸ್ವಂತ ಕೈಯಿಂದ ಕಟ್ಟುವ ವಿಮಾನಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳು ರೆಕ್ಕೆಯ ಉದ್ದ, ಎಂಜಿನ್ನಿನ ಅಶ್ವಶಕ್ತಿ, ತಗಲಿದ ಖರ್ಚು ಇಷ್ಟನ್ನು ಹೇಳಿ ಮುಗಿಯುತ್ತವೆ. ‘ಎರಡು ಇಗ್ನಿಷನ್ (ಇಂಧನ ಹೊತ್ತಿಸುವ ಕಿಡಿಯ ವ್ಯವಸ್ಥೆ) ಇರುವುದರಿಂದ ಒಂದು ಕೆಟ್ಟರೂ ಚಿಂತೆಯಿಲ್ಲ’ ಎಂಬ ಮಾತು ಸಾಮಾನ್ಯವಾಗಿ ಜೊತೆಗಿರುತ್ತದೆ. ಆ ಮಾತು ನಿಜವೋ ಸುಳ್ಳೋ ಎಂಬುದು ವೈರ್ ಎಳೆದವರ ಕೈಯಲ್ಲಿದೆ. ಎರಡರ ವೈರುಗಳನ್ನೂ ಒಂದೇ ಕಟ್ಟಿನಲ್ಲಿ ಬಿಗಿದು, ಒಂದೇ ತೂತಿನಲ್ಲಿ ಫೈರ್‌ವಾಲ್ (ಎಂಜಿನ್ನಿಗೂ ಕಾಕ್‌ಪಿಟ್‌ಗೂ ನಡುವಿನ ಬೆಂಕಿತಡೆ ಗೋಡೆ) ದಾಟಿಸಿ, ಒಂದೇ ಕನೆಕ್ಟರಿಗೆ ಸೇರಿಸಿದರೆ ಲೆಕ್ಕಕ್ಕೆ ಎರಡು, ಕೆಲಸಕ್ಕೆ ಒಂದೇ. ಆ ಕಟ್ಟಿನ ಮೇಲೆ ಎಕ್ಸಾಸ್ಟ್ ಪೈಪಿನ ಬಿರುಕಿನಿಂದ ಬಿಸಿ ಅನಿಲ ಬಡಿದರೆ ಎರಡೂ ಒಟ್ಟಿಗೆ ಹೋಗುತ್ತವೆ.

ಮೊದಲು ಇಗ್ನಿಷನ್ನಿನ ಒಂದು ಬಗೆಯಾದ ಮ್ಯಾಗ್ನೆಟೊ ವಿಷಯ. ಅದಕ್ಕೆ ಬ್ಯಾಟರಿ ಬೇಡ. ಒಳಗಿನ ಅಯಸ್ಕಾಂತ ತಿರುಗಿದರೆ ಸಾಕು, ತಾನೇ ಕಿಡಿ ಹುಟ್ಟಿಸುತ್ತದೆ. ಅದನ್ನು ಸುಮ್ಮನಿರಿಸಬೇಕಾದರೆ ಅದರೊಳಗಿನ ಪ್ರೈಮರಿ ಕಾಯಿಲನ್ನು (ಮೊದಲ ತಂತಿಸುರುಳಿ) ಅರ್ಥ್‌ಗೆ, ಅಂದರೆ ಲೋಹದ ಮೈಗೆ, ಜೋಡಿಸಬೇಕು; ಗ್ರೌಂಡ್ ಎಂದರೂ ಇದೇ. ಕಾಕ್‌ಪಿಟ್‌ನ ಸ್ವಿಚ್ಚಿನಿಂದ ಮ್ಯಾಗ್ನೆಟೊವರೆಗೆ ಹೋಗುವ ಪಿ-ಲೀಡ್ ಎಂಬ ವೈರ್ ಮಾಡುವುದು ಇದನ್ನೇ. ಮನೆಯ ದೀಪದ ಸ್ವಿಚ್ಚಿಗೆ ಇದು ಪೂರ್ತಿ ಉಲ್ಟಾ: ದೀಪದ ವೈರ್ ತುಂಡಾದರೆ ದೀಪ ಆರುತ್ತದೆ, ಪಿ-ಲೀಡ್ ತುಂಡಾದರೆ ಮ್ಯಾಗ್ನೆಟೊ ಆರುವುದೇ ಇಲ್ಲ. ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರೂ ಪ್ರೊಪೆಲ್ಲರನ್ನು ಕೈಯಿಂದ ತುಸು ಎಳೆದಾಗ ಎಂಜಿನ್ ಹೊತ್ತಿಕೊಳ್ಳಬಹುದು. ಅದೇ ವೈರಿನ ಇನ್ಸುಲೇಷನ್ ಸವೆದು ಒಳಗಿನ ತಾಮ್ರ ಲೋಹಕ್ಕೆ ತಾಗಿದರೆ ಮ್ಯಾಗ್ನೆಟೊ ಸಾಯುತ್ತದೆ, ಅದು ಹಾರಾಟದ ನಡುವೆಯೂ ಆಗಬಹುದು. ಹೀಗಾಗಿ ಈ ವೈರಿಗೆ ಸೆಳೆತವೂ ಇರಬಾರದು, ಉಜ್ಜುವಿಕೆಯೂ ಇರಬಾರದು.

ಪಿ-ಲೀಡ್‌ಗೆ ಶೀಲ್ಡ್ (ಸುತ್ತಲೂ ಲೋಹದ ಹೆಣಿಗೆಯ ಹೊದಿಕೆ) ಇರುವ ವೈರನ್ನೇ ಬಳಸಬೇಕು, ಇಲ್ಲದಿದ್ದರೆ ರೇಡಿಯೊ ತುಂಬ ಕರಕರ ಸದ್ದು. ಆದರೆ ಆ ಶೀಲ್ಡನ್ನು ಎಲ್ಲಿ ಕಟ್ಟಬೇಕು ಎಂಬಲ್ಲಿ ಬಹಳ ಜನ ಎಡವುತ್ತಾರೆ. ಎಂಜಿನ್ ಕಡೆಯ ತುದಿಯನ್ನು ಮ್ಯಾಗ್ನೆಟೊ ಮೈಗೆ ಸೇರಿಸಿ. ಸ್ವಿಚ್ ಕಡೆಯ ತುದಿಯನ್ನು ಸ್ವಿಚ್ಚಿನ ಗ್ರೌಂಡ್ ಟರ್ಮಿನಲ್‌ಗೆ ಮಾತ್ರ ಕೊಡಿ, ಪ್ಯಾನೆಲಿನ ಲೋಹಕ್ಕೆ ತಾಗಿಸಬೇಡಿ. ಕಾರಣ ಸ್ಟಾರ್ಟರ್. ಎಂಜಿನ್ ಕೂತಿರುವುದು ರಬ್ಬರ್ ಮೌಂಟ್‌ಗಳ ಮೇಲೆ, ರಬ್ಬರಿನಲ್ಲಿ ಕರೆಂಟ್ ಹರಿಯದು. ಕ್ರ್ಯಾಂಕ್‌ಕೇಸ್‌ನಿಂದ (ಎಂಜಿನ್ನಿನ ಲೋಹದ ಮೈ) ವಿಮಾನದ ಗ್ರೌಂಡಿಗೆ ಬರಬೇಕಾದ ದಪ್ಪ ಜಡೆತಂತಿ ಸಡಿಲವಾಗಿದ್ದರೆ ಸ್ಟಾರ್ಟರಿನ ನೂರಾರು ಆಂಪಿಯರ್ ಕರೆಂಟ್ ವಾಪಸಾಗಲು ಬೇರೆ ದಾರಿ ಹುಡುಕುತ್ತದೆ. ಎರಡೂ ತುದಿಯಲ್ಲಿ ಅರ್ಥ್ ಆದ ಶೀಲ್ಡ್ ಸಿಕ್ಕರೆ ಅದರಲ್ಲೇ ನುಗ್ಗಿ, ಅದನ್ನು ಕಾಯಿಸಿ, ಒಳಗಿನ ಇನ್ಸುಲೇಷನ್ ಕರಗಿಸುತ್ತದೆ. ಥ್ರಾಟಲ್ ಕೇಬಲ್ ಸುಟ್ಟು ಹಿಡಿದುಕೊಳ್ಳುವುದಕ್ಕೂ ಮೂಲ ಅನೇಕ ಸಲ ಇದೇ. ಆದ್ದರಿಂದ ಪಿ-ಲೀಡಿಗೆ ಕೈ ಹಾಕುವ ಮೊದಲು ಜಡೆತಂತಿಯ ಎರಡೂ ತುದಿಗಳ ಬಣ್ಣ, ತುಕ್ಕು ಕೆರೆದು ಬಿಗಿ ಮಾಡಿ.

ವೈರಿನ ತುದಿಗೆ ಹಾಕುವ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ತುಣುಕು) ಪೂರ್ಣ ಉಂಗುರದ್ದಾಗಿರಲಿ. ಕವಲಿನ ಲಗ್ ನಟ್ ಸಡಿಲಾದ ಕೂಡಲೇ ಜಾರಿ ಬೀಳುತ್ತದೆ, ತಳ್ಳಿ ಸಿಕ್ಕಿಸುವ ಬಗೆಯದು ಕಂಪನಕ್ಕೆ ಕಳಚುತ್ತದೆ. ಗಟ್ಟಿಯಾಗಲೆಂದು ಬೆಸುಗೆ ಹಾಕುವವರಿದ್ದಾರೆ. ಕರಗಿದ ಬೆಸುಗೆ ಲೋಹ ಎಳೆಗಳ ನಡುವೆ ಹೀರಿಕೊಂಡು ಒಳಕ್ಕೆ ಹೋಗಿ, ಅದು ನಿಂತ ಕಡೆ ವೈರ್ ಕಡ್ಡಿಯಂತೆ ಸೆಟೆಯುತ್ತದೆ. ಕಂಪನಕ್ಕೆ ಎಳೆಗಳು ಮುರಿಯುವುದು ಆ ಅಂಚಿನಲ್ಲೇ. ಸರಿಯಾದ ಇಕ್ಕಳದಲ್ಲಿ ಕ್ರಿಂಪ್ ಮಾಡಿ (ಒತ್ತಿ ಬಿಗಿದು), ಲಗ್ಗಿನ ಹತ್ತಿರದಲ್ಲೇ ವೈರಿಗೆ ಒಂದು ಕ್ಲ್ಯಾಂಪ್ ಕೊಟ್ಟರೆ ಭಾರ ಲಗ್ಗಿನ ಮೇಲೆ ಬೀಳುವುದಿಲ್ಲ. ವೈರ್ ಟೆಫ್‌ಜೆಲ್ ಹೊದಿಕೆಯದಿರಲಿ. 22759/16 ಎಂದು ಗುರುತಿರುವ ವೈರ್ 150 ಡಿಗ್ರಿ ಸೆಲ್ಸಿಯಸ್ ತಾಳುತ್ತದೆ. ಪಿವಿಸಿ ಅಷ್ಟು ತಾಳದು, ಸುಟ್ಟರೆ ವಿಷದ ಹೊಗೆ ಬೇರೆ.

ಇನ್ನು ಪ್ಲಗ್ಗಿಗೆ ಹೋಗುವ ಹೈ ಟೆನ್ಷನ್ ವೈರುಗಳು. ಇವುಗಳಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ಕಾರಿನ ಎಂಜಿನ್ನನ್ನು ವಿಮಾನಕ್ಕೆ ಹೊಂದಿಸುವವರು ಶೀಲ್ಡ್ ಇಲ್ಲದ ಕಾರಿನ ವೈರುಗಳನ್ನೇ ನೀಟಾಗಿ ಕಾಣಲೆಂದು ಒಂದಕ್ಕೊಂದು ಅಂಟಿಸಿ ಕಟ್ಟುತ್ತಾರೆ. ನೋಡಲು ಚೆಂದ, ಎಂಜಿನ್ನಿಗೆ ಕೇಡು. 1-3-2-4 ಕ್ರಮದಲ್ಲಿ ಉರಿಯುವ ನಾಲ್ಕು ಸಿಲಿಂಡರಿನ ಎಂಜಿನ್ ತೆಗೆದುಕೊಳ್ಳಿ. ಒಂದನೆಯ ಸಿಲಿಂಡರಿನ ವೈರಿನಲ್ಲಿ ಕಿಡಿಯ ವೋಲ್ಟೇಜ್ ಏರಿದಾಗ ಪಕ್ಕದಲ್ಲೇ ಉದ್ದಕ್ಕೂ ಸಾಗುವ ಮೂರನೆಯದರ ವೈರಿನಲ್ಲೂ ವೋಲ್ಟೇಜ್ ಹುಟ್ಟುತ್ತದೆ. ಆ ಕ್ಷಣದಲ್ಲಿ ಮೂರನೆಯ ಸಿಲಿಂಡರ್ ಇನ್ನೂ ಮಿಶ್ರಣ ಹೀರಿಕೊಳ್ಳುವುದನ್ನು ಮುಗಿಸುತ್ತಿರುತ್ತದೆ. ಒಳಗೆ ಒತ್ತಡ ಕಡಿಮೆಯಾದ್ದರಿಂದ ಅಲ್ಪ ವೋಲ್ಟೇಜಿಗೂ ಕಿಡಿ ಹಾರುತ್ತದೆ, ಇನ್‌ಟೇಕ್ ವಾಲ್ವ್ ತೆರೆದಿರುವುದರಿಂದ ಬೆಂಕಿ ಕಾರ್ಬುರೇಟರ್ ಕಡೆಗೆ ಹಿಂದಕ್ಕೆ ಬಡಿಯುತ್ತದೆ. ಒಂದರ ಹಿಂದೆ ಒಂದು ಉರಿಯುವ ಅಕ್ಕಪಕ್ಕದ ಸಿಲಿಂಡರುಗಳ ವೈರುಗಳನ್ನು ಕನಿಷ್ಠ 25 ಮಿಲಿಮೀಟರ್ ದೂರವಿಡಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ.

ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುವವರು ಕ್ರ್ಯಾಂಕ್ ಸೆನ್ಸರಿನ (ಎಂಜಿನ್ ಎಷ್ಟು ತಿರುಗಿದೆ ಎಂದು ತಿಳಿಸುವ ಸಾಧನ) ವೈರನ್ನು ಈ ಹೈ ಟೆನ್ಷನ್ ವೈರುಗಳಿಂದಲೂ ಆಲ್ಟರ್ನೇಟರಿನ ವೈರಿನಿಂದಲೂ ದೂರ ಇಡಬೇಕು. ಸೆನ್ಸರಿನ ಸಣ್ಣ ಸಂಕೇತದಲ್ಲಿ ಗದ್ದಲ ಸೇರಿದರೆ ಕಿಡಿಯ ಸಮಯ ತಪ್ಪುತ್ತದೆ. ಪ್ರತಿಯೊಂದು ಇಗ್ನಿಷನ್ನಿಗೂ ಅದರದೇ ಬ್ರೇಕರ್, ಅದರದೇ ಅರ್ಥ್ ಬೋಲ್ಟ್. ಎರಡೂ ಇಗ್ನಿಷನ್ನುಗಳು ಬ್ಯಾಟರಿಯನ್ನೇ ನೆಚ್ಚಿದ್ದರೆ ಎರಡನೆಯ ಬ್ಯಾಟರಿ ಇಲ್ಲದೆ ಹಾರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ವೈರಿನ ದಾರಿಯ ಬಗ್ಗೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಪ್ರಕಟಿಸಿರುವ ಎಸಿ 43.13-1ಬಿ ಕೈಪಿಡಿಯ ಅಳತೆಗಳು ಎಲ್ಲಿಗೂ ಸಲ್ಲುತ್ತವೆ. ಎರಡು ಕ್ಲ್ಯಾಂಪಿನ ನಡುವೆ ವೈರನ್ನು ಕೈಯಿಂದ ಒತ್ತಿದರೆ ಅರ್ಧ ಇಂಚಿಗಿಂತ ಹೆಚ್ಚು ಬಾಗಬಾರದು. ತಿರುವಿನ ತ್ರಿಜ್ಯ ಕಟ್ಟಿನಲ್ಲಿರುವ ಅತಿ ದಪ್ಪ ವೈರಿನ ವ್ಯಾಸದ ಹತ್ತು ಪಟ್ಟು ಇರಲಿ. ಇಂಧನದ ಕೊಳವೆಯ ಜೊತೆ ಸಾಗುವಾಗ ಆದಷ್ಟು 6 ಇಂಚು ದೂರ, ಯಾವಾಗಲೂ ಕೊಳವೆಗಿಂತ ಮೇಲೆ. ಕೊಳವೆಗೇ ವೈರ್ ಕಟ್ಟುವುದಂತೂ ಬೇಡವೇ ಬೇಡ. ಎಂಜಿನ್‌ನಿಂದ ಫೈರ್‌ವಾಲ್‌ಗೆ ಬರುವಲ್ಲಿ ಮಾತ್ರ ಒಂದು ಸಡಿಲ ಸುತ್ತು ಬಿಡಬೇಕು, ಏಕೆಂದರೆ ಸ್ಟಾರ್ಟ್ ಆಗುವಾಗಲೂ ನಿಲ್ಲುವಾಗಲೂ ಎಂಜಿನ್ ಮೌಂಟ್‌ಗಳ ಮೇಲೆ ಜೋರಾಗಿ ಅಲ್ಲಾಡುತ್ತದೆ. ಫೈರ್‌ವಾಲ್‌ನ ತೂತಿಗೆ ಬರಿಯ ರಬ್ಬರ್ ಗ್ರಾಮೆಟ್ ಸಾಲದು, ಬೆಂಕಿ ಬಿದ್ದರೆ ಅದು ಉರಿದು ಹೋಗಿ ತೂತು ಬಾಯಿ ತೆರೆಯುತ್ತದೆ. ಉಕ್ಕಿನ ಫಿಟಿಂಗ್, ಫೈರ್‌ಸ್ಲೀವ್, ಬೆಂಕಿ ತಾಳುವ ಸೀಲಂಟ್ ಮೂರೂ ಬೇಕು, ಅದೂ ಎರಡು ಪ್ರತ್ಯೇಕ ತೂತುಗಳಿಗೆ.

ಎಂಜಿನ್ ಮೌಂಟಿನ ಕೊಳವೆಗೆ ನೈಲಾನ್ ಟೈ ಹಾಕುವ ಚಾಳಿ ಬಿಡಬೇಕು. ಅದರಡಿ ಧೂಳು ಸೇರಿ, ಕಂಪನಕ್ಕೆ ಉಕ್ಕನ್ನೇ ಗರಗಸದಂತೆ ಕೊರೆಯುತ್ತದೆ. ರಬ್ಬರ್ ಮೆತ್ತೆಯ ಲೋಹದ ಕ್ಲ್ಯಾಂಪ್ ಸರಿ.

ಪರೀಕ್ಷೆಗೂ ಒಂದು ಕ್ರಮವಿದೆ. ಪಿ-ಲೀಡನ್ನು ಮ್ಯಾಗ್ನೆಟೊದಿಂದ ಬಿಚ್ಚಿದ ಕೂಡಲೇ ಆ ಮ್ಯಾಗ್ನೆಟೊ ಜೀವಂತ ಎಂದೇ ತಿಳಿಯಬೇಕು, ಆದ್ದರಿಂದ ಮೊದಲು ಪ್ಲಗ್ ವೈರುಗಳನ್ನೆಲ್ಲ ಕಳಚಿ. ಬಿಚ್ಚದೆ ಓಮ್ ಮೀಟರ್ ಹಿಡಿದರೆ ಪ್ರಯೋಜನವಿಲ್ಲ: ಪ್ರೈಮರಿ ಕಾಯಿಲಿನ ರೋಧವೇ ಅತ್ಯಲ್ಪ, ಪಾಯಿಂಟ್ (ಒಳಗಿನ ತೆರೆದು ಮುಚ್ಚುವ ಸಂಪರ್ಕ) ಮುಚ್ಚಿದ್ದರೂ ಅಷ್ಟೇ, ಸ್ವಿಚ್ ಹೇಗಿದ್ದರೂ ಮೀಟರ್ ಒಂದೇ ಕಥೆ ಹೇಳುತ್ತದೆ. ಬಿಚ್ಚಿದ ತುದಿಗೂ ಮ್ಯಾಗ್ನೆಟೊ ಮೈಗೂ ನಡುವೆ ಅಳೆದಾಗ ಸ್ವಿಚ್ ಆಫ್‌ನಲ್ಲಿ 1 ಓಮ್‌ಗಿಂತ ಕಡಿಮೆ, ಆನ್‌ನಲ್ಲಿ ಪೂರ್ತಿ ತೆರೆದ ಸರ್ಕ್ಯೂಟ್ ಬರಬೇಕು. ಮೀಟರ್ ಹಿಡಿದೇ ವೈರನ್ನು ಉದ್ದಕ್ಕೂ ಅಲ್ಲಾಡಿಸಿ. ಅಂಕಿ ಕುಣಿದರೆ ಮುರಿದ ಎಳೆ ಅಲ್ಲೇ ಇದೆ.

ಎಂಜಿನ್ ಓಡಿಸಿ ಒಂದೊಂದೇ ಮ್ಯಾಗ್ನೆಟೊ ಆರಿಸಿದಾಗ ಆರ್‌ಪಿಎಂ ಬೀಳಬೇಕು. ಲೈಕಮಿಂಗ್ ಎಂಜಿನ್ನುಗಳಿಗೆ ಆ ಇಳಿತ 175ರ ಒಳಗಿರಬೇಕು, ಎರಡರ ನಡುವಿನ ವ್ಯತ್ಯಾಸ 50 ಮೀರಬಾರದು. ಸ್ವಲ್ಪವೂ ಬೀಳದಿದ್ದರೆ ಸಂತೋಷಪಡುವ ಹಾಗಿಲ್ಲ, ಆ ಪಿ-ಲೀಡ್ ತುಂಡಾಗಿರುವ ಸಂಭವವೇ ಹೆಚ್ಚು. ಹಾರಾಟ ಮುಗಿದ ಮೇಲೆ ಐಡಲ್‌ನಲ್ಲಿ ಒಂದು ಕ್ಷಣ ಸ್ವಿಚ್ ಆಫ್ ಮಾಡಿದಾಗ ಎಂಜಿನ್ ಆರಲು ಹೊರಡದಿದ್ದರೆ ಅದು ಖಚಿತವಾಗುತ್ತದೆ.

ಮೊದಲ 10 ಗಂಟೆಗಳ ಹಾರಾಟದ ಬಳಿಕ ಕೌಲಿಂಗ್ (ಎಂಜಿನ್ನಿನ ಹೊರ ಮುಚ್ಚಳ) ತೆಗೆದು ಪ್ರತಿ ಕ್ಲ್ಯಾಂಪಿನ ಪಕ್ಕವನ್ನೂ, ಗಾಳಿಯನ್ನು ಸಿಲಿಂಡರುಗಳತ್ತ ತಿರುಗಿಸುವ ಬ್ಯಾಫಲ್ ತಗಡಿನ ಪ್ರತಿ ಅಂಚನ್ನೂ ಟಾರ್ಚ್ ಹಿಡಿದು ನೋಡಿ. ಲೋಹ ಹೊಳಪಾಗಿದ್ದರೆ ಅಥವಾ ಕಪ್ಪು ಪುಡಿ ಕೂತಿದ್ದರೆ ಅಲ್ಲಿ ವೈರ್ ಉಜ್ಜುತ್ತಿದೆ. ಅದರ ಮೇಲೆ ಟೇಪ್ ಸುತ್ತಬೇಡಿ, ಟೇಪ್ ಸವೆತವನ್ನು ಮುಚ್ಚಿಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಕ್ಲ್ಯಾಂಪಿನ ಜಾಗವನ್ನೇ ಬದಲಿಸಿ.

ಇಂತಿ,
ವಿಮಾನ ಎಂಜಿನ್ ನಿರ್ವಹಣೆಯ ಒಬ್ಬ ತಂತ್ರಜ್ಞ