ಜಾತ್ರೆಯ ದನದ ಪೇಟೆಗೂ ಬಹಿರಂಗ ಹರಾಜು ಬರಲಿ

ಮಾನ್ಯ ಸಂಪಾದಕರೇ,

ಕುದುರೆ ರೇಸ್ ಅಂದರೆ ಸುಮ್ನೆ ಜೂಜು ಎಂದು ಮೂಗು ಮುರಿಯುವವರೇ ಜಾಸ್ತಿ. ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿರುವ ಕೀನ್‌ಲ್ಯಾಂಡ್ ಎಂಬ ರೇಸ್ ಮೈದಾನದ ಇತಿಹಾಸ ಓದಿದರೆ ಬೇರೆಯದೇ ಕಾಣುತ್ತದೆ. ಜಾಕ್ ಕೀನ್ ಎಂಬುವರ ಜಮೀನು ಕೊಂಡು, ಊರಿನ ಕುದುರೆ ಸಾಕುವವರೇ 1936ರ ಅಕ್ಟೋಬರ್‌ನಲ್ಲಿ ಮೊದಲ ರೇಸ್ ನಡೆಸಿದರು. ಅದು ಲಾಭ ಹಂಚಿಕೊಳ್ಳುವ ಸಂಸ್ಥೆಯಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಕುದುರೆ ಮರಿಗಳನ್ನು ರೈಲಿನಲ್ಲಿ ದೂರದ ಸಾರಾಟೋಗಾ ಊರಿನ ಹರಾಜಿಗೆ ಒಯ್ಯಲಾಗಲಿಲ್ಲ. 1943ರಲ್ಲಿ ಕೀನ್‌ಲ್ಯಾಂಡ್‌ನಲ್ಲೇ ಡೇರೆ ಹಾಕಿ ಹರಾಜು ಮಾಡಿದರು. 1985ರಲ್ಲಿ ಸಿಯಾಟಲ್ ಡ್ಯಾನ್ಸರ್ ಎಂಬ ಒಂದು ವರ್ಷದ ಮರಿ ಅಲ್ಲಿ 1.31 ಕೋಟಿ ಡಾಲರ್‌ಗೆ ಹೋಯಿತು!

ಪಶು ಆಸ್ಪತ್ರೆಯಲ್ಲಿ ದುಡಿದ ನನಗೆ ಹಿಡಿಸಿದ್ದು ಅಲ್ಲಿನ ಹರಾಜಿನ ಪದ್ಧತಿ. ಮರಿಯ ಕಾಲಿನ ಎಕ್ಸ್-ರೇಯನ್ನು ಕೊಳ್ಳುವವರ ವೈದ್ಯರು ಮೊದಲೇ ನೋಡಬಹುದು. ಕೂಗಿದ ಬೆಲೆ ಎಲ್ಲರ ಕಿವಿಗೂ ಬೀಳುತ್ತದೆ. ಮಾಲೀಕ ತನ್ನ ಕನಿಷ್ಠ ದರ ಮೊದಲೇ ಇಟ್ಟುಕೊಳ್ಳಬಹುದು.

ನಮ್ಮ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಯಲ್ಲಿ ದಲ್ಲಾಳಿ ಟವೆಲ್ ಕೆಳಗೆ ಬೆರಳು ಹಿಡಿದು ದರ ಹೇಳುತ್ತಾನೆ. ಪಕ್ಕದ ಖಿಲಾರಿ ತಳಿಯ ಎತ್ತಿನ ಜೋಡಿ ಎಷ್ಟಕ್ಕೆ ಹೋಯಿತೆಂದು ರೈತನಿಗೆ ಹೇಗೆ ಗೊತ್ತಾಗಬೇಕು? ಅದು ಅನ್ಯಾಯ ಅಲ್ವಾ? ಬರುವ ಸಂಕ್ರಾಂತಿಗೆ ಒಂದು ಅಂಗಳದಲ್ಲಾದರೂ ವೈದ್ಯರ ತಪಾಸಣೆ, ಬಹಿರಂಗ ಹರಾಜು ಏರ್ಪಡಿಸಬೇಕೆಂದು ಜಾತ್ರೆ ನಡೆಸುವ ಹಿರಿಯರಲ್ಲಿ ಕೇಳಿಕೊಳ್ಳುತ್ತೇನೆ.

– ನಿವೃತ್ತ ಪಶು ಆಸ್ಪತ್ರೆ ನೌಕರ, ವಿಜಯಪುರ